ಅಕ್ಕೋರು ಎಷ್ಟು ಕೊಟ್ಟರು?

ಹೋದ ವಾರ ಮೂವರು ಗಂಡಸರು ನನ್ನ ಮನೆಗೆ ಬಂದು, ಚಹಾ ಕುಡಿದು, ಒಂದು ಆಮಂತ್ರಣ ಪತ್ರಿಕೆ ಕೈಗಿಟ್ಟು ಹೋದರು. ನಮ್ಮ ಸೇಡಂನ ದನದ ಡಾಕ್ಟರು ದವಾಖಾನಿ ಮುಚ್ಚಿ ಹೈದರಾಬಾದಿಗೆ ಮಗಳ ಮನೆಗೆ ಹೊರಟಿದ್ದಾರಂತೆ, ಅವರಿಗೆ ಸನ್ಮಾನ. ಪತ್ರಿಕೆಯಲ್ಲಿ 'ಅಭಿನಂದನೆಯ ಮಾತು' ಎಂಬುದರ ಮುಂದೆ ನನ್ನ ಹೆಸರು ಅಚ್ಚಾಗಿಬಿಟ್ಟಿದೆ. ನನ್ನನ್ನು ಒಂದು ಮಾತು ಕೇಳಿಲ್ಲ.

"ಕೇಳೂದೇನದ ರೀ ಅಕ್ಕೋರೆ, ಅವರ ಬಗ್ಗೆ ನಿಮ್ಮಷ್ಟು ಗೊತ್ತಿದ್ದವರು ಈ ಊರಾಗ ಯಾರದಾರ?" ಎಂದರು.

ಅದು ಮಾತ್ರ ಖರೆ. ನಾನು ಮೊಣಕಾಲು ನೋವು ಎಂದೆ. ಆಟೊ ಕಳಿಸುತ್ತೇವೆ ಎಂದರು. ಗಂಟಲು ಸರಿ ಇಲ್ಲ ಎಂದೆ. ಮೈಕ್ ಇರುತ್ತದೆ ಎಂದರು. ನಮ್ಮ ಕಡೆಯ ಜನ ಮರ್ಯಾದೆ ಕೊಡಲು ನಿಂತರೆ ತಪ್ಪಿಸಿಕೊಳ್ಳುವುದು ಕಷ್ಟ. ಅಲ್ಲಿ ಮೈಕಿನ ಮುಂದೆ ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ, ಅದಕ್ಕೇ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ. ಡಾಕ್ಟರ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಸಿಟ್ಟೆಲ್ಲ ಆ ಹೆಸರಿನ ಮೇಲೇ ಹೋಗುತ್ತದೆ, ನನ್ನ ಪಾಲಿನದು ಉಳಿಯುವುದಿಲ್ಲ.

ನಮ್ಮ ಕಡೆಗೆ ಹೊಸಬರಾದವರಿಗೆ ಒಂದು ಮಾತು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಮೂವತ್ತನಾಲ್ಕು ವರ್ಷ ಇದೇ ತಾಲೂಕಿನಲ್ಲಿ ಕನ್ನಡ ಶಾಲೆಯ ಅಕ್ಕೋರಾಗಿದ್ದೆ. ಮದುವೆ ಆಗಲಿಲ್ಲ, ಆಗಬೇಕೆನ್ನಿಸಲಿಲ್ಲ. ನಿವೃತ್ತಿಯ ದಿನ ಶಾಲೆಯ ಪಡಸಾಲೆಯಲ್ಲಿ ಮಲಗುತ್ತಿದ್ದ ನಾಯಿಯೊಂದು ಹಾರ ಹಾಕಿಕೊಂಡ ನನ್ನ ಹಿಂದೆಯೇ ಮನೆತನಕ ಬಂತು. ನನ್ನ ಜೊತೆ ಸೇವೆಯಿಂದ ಬಿಡುಗಡೆ ಆದದ್ದು ಅದೊಂದೇ. ಮೋತಿ ಎಂದು ಕರೆದೆ. ಮರುವರ್ಷ ನೆಲಕ್ಕೆ ಹಾಸುವ ಪರಸಿಕಲ್ಲು ಹೇರಿಕೊಂಡು ಶಹಾಬಾದಿನಿಂದ ಬಂದ ಟ್ರ್ಯಾಕ್ಟರೊಂದು ಮೋತಿಯ ಹಿಂಗಾಲಿನ ಮೇಲೆ ಹಾಯ್ದು ಹೋಯಿತು. ಹಾಗೆ ನಾನು ಡಾಕ್ಟರ ದವಾಖಾನಿಯ ಮೆಟ್ಟಿಲು ಹತ್ತಿದೆ.

ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ದವಾಖಾನಿ. ಸುತ್ತಿನಲ್ಲಿ ನಾಯಿ ಬೆಕ್ಕಿಗೆ ಖಾಸಗಿ ದವಾಖಾನಿ ಅಂತ ಇದ್ದದ್ದು ಅದೇ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕಾಲೊನಿಯಿಂದ ಸಾಹೇಬರುಗಳ ದೊಡ್ಡ ಜಾತಿಯ ನಾಯಿಗಳು ಕಾರಿನಲ್ಲಿ ಬರುತ್ತಿದ್ದವು. ವಾಡಿ, ಚಿತ್ತಾಪುರದಿಂದ ಬುಟ್ಟಿಯಲ್ಲಿ, ಚೀಲದಲ್ಲಿ, ಹೆಗಲ ಮೇಲೆ ಬರುತ್ತಿದ್ದವು. ಡಾಕ್ಟರು ಯಾವುದನ್ನೂ ಮೇಜಿನ ಮೇಲೆ ಎತ್ತಿಸುತ್ತಿರಲಿಲ್ಲ. ಸಫಾರಿ ಹಾಕಿಕೊಂಡೇ ನೆಲಕ್ಕೆ ಕುಂತುಬಿಡುತ್ತಿದ್ದರು. ಸ್ಟೆತಾಸ್ಕೋಪನ್ನು ಮೊದಲು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ, ಆಮೇಲೆ ಎದೆಗೆ ಇಡುತ್ತಿದ್ದರು. ಪ್ರಾಣಿಗಳ ಜೊತೆ ಮಾತೆಲ್ಲ ದಖ್ಖನಿ ಉರ್ದುವಿನಲ್ಲಿ. "ಆಜಾ ಬೇಟಾ, ಕ್ಯಾ ಹುವಾ, ಬೋಲ್."

"ಅದೇನ್ರಿ ಸಾಹೇಬ್ರೆ, ಕನ್ನಡ ನಾಯಿಗೆ ಉರ್ದು?" ಎಂದೆ ಮೊದಲ ದಿನ.

"ಕನ್ನಡ ಮಾತಾಡಿದ್ರ ಮಾಲಕ್ರು ನಡುವ ಬಾಯಿ ಹಾಕ್ತಾರ್ರಿ ಅಕ್ಕೋರೆ. ಪ್ರಾಣಿ ಸುಳ್ಳು ಹೇಳಂಗಿಲ್ಲ, ಮಾಲಕ್ರು ಹೇಳ್ತಾರ."

ನಾನು ನಕ್ಕೆ. ಆ ಮನುಷ್ಯ ನನಗೆ ಭಾಳ ಇಷ್ಟವಾಗಿಬಿಟ್ಟರು. ಬರೆಯಲು ನಾಚಿಕೆ ಏನಿದೆ, ಇಷ್ಟವಾಗುವಂಥ ಮನುಷ್ಯನೇ ಇದ್ದರು. ಕಾಲೊನಿಯ ಅಧಿಕಾರಿಯೊಬ್ಬರು ಉಬ್ಬಿಹೋದ ತಮ್ಮ ಲ್ಯಾಬ್ರಡಾರ್ ನಾಯಿಗೆ ಟಾನಿಕ್ ಕೇಳಿದಾಗ, "ಇದಕ್ಕ ಔಷಧ ಇಲ್ರಿ. ನೀವು ತಿನ್ನೂದು ಕಮ್ಮಿ ಮಾಡ್ರಿ, ಅದೂ ಕಮ್ಮಿ ಮಾಡ್ತದ" ಎಂದು ಮುಖದ ಮೇಲೆ ಹೇಳಿದ್ದರು. ತಮ್ಮ ಡಬ್ಬಿಯ ರೊಟ್ಟಿಯನ್ನು ಮುರಿದು ರೋಗಿಗಳಿಗೆ ತಿನ್ನಿಸುತ್ತಿದ್ದರು. ಮಧ್ಯಾಹ್ನದ ಊಟ ಅವರು ಪೂರ್ತಿ ಮಾಡಿದ್ದು ನಾನು ನೋಡಿಯೇ ಇಲ್ಲ.

ಮೋತಿಯ ಕಾಲಿನೊಳಗೆ ಸರಳು ಕೂರಿಸಿದರು. ಹದಿನೈದು ದಿನ ಡ್ರೆಸ್ಸಿಂಗ್. ಕಡೆಯ ದಿನ ದವಾಖಾನಿಯಲ್ಲಿ ಏಳೆಂಟು ಜನ ಕೂತಿದ್ದರು. ಎಷ್ಟಾಯಿತು ಎಂದು ಮೆಲ್ಲಗೆ ಕೇಳಿದೆ. ಅವರು ಮೆಲ್ಲಗೆ ಹೇಳಲಿಲ್ಲ.

"ಎಂಟು ಸಾವಿರ ಆತ್ರಿ ಅಕ್ಕೋರೆ."

ಅಷ್ಟಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಆದರೆ ಅಷ್ಟು ಜನರ ಮುಂದೆ ಅಕ್ಕೋರು ಚೌಕಾಸಿ ಮಾಡುವುದುಂಟೆ? ಬ್ಯಾಂಕಿಗೆ ಹೋಗಿ ಬಂದು ಎಣಿಸಿ ಕೊಟ್ಟೆ. ಕೂತವರೆಲ್ಲ ನೋಡಿದರು. ಅಂದು ಸಂಜೆಯೇ ಡಾಕ್ಟರು ನನ್ನ ಮನೆಗೆ ಬಂದರು. ಚಹಾ ಕುಡಿದು, ಕವರೊಂದನ್ನು ಬಸಿಯ ಕೆಳಗೆ ಸರಿಸಿದರು. ನೋಡಿದರೆ ನನ್ನದೇ ಎಂಟು ಸಾವಿರ.

"ನಮ್ಮ ಅವ್ವನೂ ಅಕ್ಕೋರೇ ಇದ್ಲು. ನಿಮ್ಮ ಕಡೆ ರೊಕ್ಕ ತಗೊಂಡು ನಾ ಯಾವ ಲೋಕಕ್ಕ ಹೋಗ್ಲಿ? ಅಲ್ಲೇ ಬ್ಯಾಡ ಅಂದಿದ್ರ ಕುಂತವರೆಲ್ಲಾ ನಮಗೂ ಬಿಡ್ರಿ ಅಂತಿದ್ರು. ಅದಕ್ಕ ತಗೊಂಡೆ. ಇದು ನಮ್ಮಿಬ್ಬರ ನಡುವ ಇರ್ಲಿ."

ನನ್ನ ಕಣ್ಣಲ್ಲಿ ನೀರು ಬಂತು. ನಿವೃತ್ತರಾದ ಮೇಲೆ ಯಾರಾದರೂ ಇಷ್ಟು ಆದರ ತೋರಿಸಿದರೆ ಮನುಷ್ಯ ಕರಗಿಹೋಗುತ್ತಾನೆ. ಕವರನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟೆ. ಖರ್ಚು ಮಾಡಲು ಮನಸ್ಸು ಬರಲಿಲ್ಲ.

ಆಮೇಲೆ ದಿನಾ ಸಂಜೆ ಹೋಗತೊಡಗಿದೆ. ಅವರ ಮೇಜಿನ ಪಕ್ಕ ನನಗೊಂದು ಕೈಯಿದ್ದ ಕುರ್ಚಿ ಹಾಕಿಸಿದರು. ಬೇರೆಯವರು ಕೂತರೆ ಎಬ್ಬಿಸುತ್ತಿದ್ದರು. "ಅದು ಅಕ್ಕೋರ ಕುರ್ಚಿ ಅದ, ನೀವು ಈ ಕಡೆ ಕುಂದ್ರಿ." ಅಲ್ಲಿ ಕೂತು ನಾನು ನೋಡಿದಷ್ಟು ಜಗಳ ಶಾಲೆಯ ಆಟದ ಬಯಲಿನಲ್ಲೂ ನೋಡಿರಲಿಲ್ಲ. ಎಲ್ಲ ಖರ್ಚಿನದೇ ಜಗಳ. ಎಮ್ಮೆಗೆ ಸಾವಿರ ಖರ್ಚು ಮಾಡಿದರೆ ಮನೆಯಲ್ಲಿ ಯಾರೂ ಏಕೆಂದು ಕೇಳುವುದಿಲ್ಲ, ಹಾಲು ಕೊಡುತ್ತದೆ. ನಾಯಿಗೆ ಇನ್ನೂರು ಖರ್ಚು ಮಾಡಿದರೆ ಅತ್ತೆಯಿಂದ ಹಿಡಿದು ಮಗ್ಗುಲ ಮನೆಯವರ ತನಕ ಎಲ್ಲರೂ ಕೇಳುತ್ತಾರೆ. ವಾಡಿಯಿಂದ ಬಂದ ರೈಲ್ವೆಯವನೊಬ್ಬ, "ನಾಯಿನೇ ಪುಕ್ಕಟ ಬಂದದ ರೀ, ಔಷಧಕ್ಕ ಇಷ್ಟ್ಯಾಕ?" ಎಂದು ಅರ್ಧ ತಾಸು ವಾದಿಸಿದ. ಚಿತ್ತಾಪುರದ ಅರಿವೆ ವ್ಯಾಪಾರಿ, "ನಮ್ಮಪ್ಪಗೇ ನಾ ಇಷ್ಟು ಖರ್ಚು ಮಾಡಿಲ್ಲ" ಎಂದ. "ಹಂಗಾದ್ರ ಮೊದಲು ನಿಮ್ಮಪ್ಪನ್ನ ಕರ್ಕೊಂಡು ಬರಬೇಕಿತ್ತು" ಎಂದು ನಾನು ಕುರ್ಚಿಯಿಂದಲೇ ಹೇಳಿದೆ. ದವಾಖಾನಿಯೆಲ್ಲ ನಕ್ಕಿತು. ಆತ ರೊಕ್ಕ ಕೊಟ್ಟು ಹೋದ.

ಡಾಕ್ಟರು ಗೋಡೆಯ ಮೇಲೆ ದರದ ಫಲಕ ಹಾಕಿರಲಿಲ್ಲ. ಹಾಕಿದ್ದರೂ ಯಾರೂ ನಂಬುತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಬರೆದ ದರಕ್ಕೆ ಬೆಲೆ ಇಲ್ಲ. ಬಂಗಾರವಿರಲಿ, ಬೋರ್‌ವೆಲ್ ಇರಲಿ, ಗೊತ್ತಿದ್ದವರು ಎಷ್ಟು ಕೊಟ್ಟರು ಎಂದು ಕೇಳುತ್ತಾರೆ, ಅಷ್ಟನ್ನು ಕೊಡುತ್ತಾರೆ. ಅದಕ್ಕೇ ಜಗಳ ಏರಿದಾಗಲೆಲ್ಲ ಡಾಕ್ಟರು ದನಿ ಏರಿಸುತ್ತಿರಲಿಲ್ಲ. ಕೈ ಒರೆಸಿಕೊಳ್ಳುತ್ತಾ, ನನ್ನ ಕಡೆ ಗಲ್ಲ ತಿರುಗಿಸಿ, "ಅಕ್ಕೋರ್ನ ಕೇಳ್ರಿ, ಅವರೆಷ್ಟು ಕೊಟ್ಟಾರ" ಎನ್ನುತ್ತಿದ್ದರು.

ನಾನು ಹೇಳುತ್ತಿದ್ದೆ. ಕಾಲಿಗೆ ಎಂಟು ಸಾವಿರ. ಲಸಿಕೆಗೆ ಇಷ್ಟು, ಕಿವಿಗೆ ಇಷ್ಟು, ಉಣ್ಣಿ ಜ್ವರಕ್ಕೆ ಇಷ್ಟು. ಪ್ರತಿ ಸಲವೂ ಮಂದಿಯ ಮುಂದೆ ಕೊಡುತ್ತಿದ್ದೆ, ಪ್ರತಿ ಸಲವೂ ಸಂಜೆ ಕವರು ಬರುತ್ತಿತ್ತು. ಮೊದಲ ಸಲ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಕೊಟ್ಟಿದ್ದಂತೂ ಹೌದಲ್ಲ, ಅವರು ಪ್ರೀತಿಯಿಂದ ತಿರುಗಿ ಕೊಟ್ಟರೆ ಅದು ಬೇರೆ ಮಾತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡನೆಯ ಸಲ ತಡವರಿಸಲಿಲ್ಲ. ಮೂರನೆಯ ಸಲದಿಂದ ಅವರು ಗಲ್ಲ ತಿರುಗಿಸುವ ಮೊದಲೇ ನಾನು ಹೇಳುತ್ತಿದ್ದೆ. ಒಬ್ಬ ಒಳ್ಳೆಯ ಮನುಷ್ಯನ ಶ್ರಮಕ್ಕೆ ಜನ ಬೆಲೆ ಕೊಡುವುದಿಲ್ಲವಲ್ಲ ಎಂದು ನನಗೇ ಸಿಟ್ಟು ಬರುತ್ತಿತ್ತು.

ಶರಣಮ್ಮ ಬಂದ ದಿನದ ಮಾತು ಇದರ ನಂತರದ್ದು, ಮೂರು ವರ್ಷದ ಹಿಂದಿನದು. ಶರಣಮ್ಮ ನನ್ನ ಕೈಯಲ್ಲಿ ನಾಲ್ಕನೇ ತರಗತಿ ತನಕ ಓದಿದ ಹುಡುಗಿ. ಕೊಟ್ಟ ಮನೆ ಕೂಡಿಬರಲಿಲ್ಲ, ತಿರುಗಿ ಬಂದು ಒಬ್ಬಳೇ ಇದ್ದಾಳೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ, ಮೂರ್ನಾಲ್ಕು ಮನೆಗಳಿಗೂ ಹೋಗಿ ಮಾಡಿಕೊಡುತ್ತಾಳೆ. ಅವಳ ಮನೆ ಕಾಗಿಣಾ ನದಿಯ ದಾರಿಯಲ್ಲಿ, ಊರು ಮುಗಿದ ಮೇಲೆ. ಕೆಲಸ ಮುಗಿಸಿ ಹೋಗುವಾಗ ಅವಳ ಕರಿ ನಾಯಿ ಕಾಳ್ಯಾ ಮುಂದೆ ನಡೆಯುತ್ತಿತ್ತು. ಆ ದಾರಿಯಲ್ಲಿ ಕುಡಿದು ಕೂರುವ ಗಂಡಸರು ಕಾಳ್ಯಾನನ್ನು ನೋಡಿ ಕಾಲು ಒಳಗೆ ಎಳೆದುಕೊಳ್ಳುತ್ತಿದ್ದರು. ಅದು ಅವಳಿಗೆ ಅಕ್ಕರೆಯ ನಾಯಿ ಅಷ್ಟೇ ಅಲ್ಲ, ಅದಿದ್ದರೆ ಅವಳು ಆ ಮನೆಯಲ್ಲಿ ಇರಬಹುದಿತ್ತು.

ಕಾಳ್ಯಾನಿಗೂ ಹಿಂಗಾಲು. ಮೋಟಾರ್‌ಸೈಕಲ್ಲಿನವನೊಬ್ಬ ಗುದ್ದಿ ಹೋಗಿದ್ದ. ಗೋಣಿಚೀಲದ ಮೇಲೆ ಮಲಗಿಸಿ ಆಟೊದಲ್ಲಿ ತಂದಿದ್ದಳು. ಡಾಕ್ಟರು ಎಂದಿನಂತೆ ನೆಲಕ್ಕೆ ಕುಂತು, "ಕ್ಯಾ ಹುವಾ ಮೇರೆ ಶೇರ್ಕು", ನನ್ನ ಹುಲಿಗೇನಾಯಿತು, ಎಂದು ತಲೆ ಸವರಿದರು. ನಾಯಿ ನೋವಿನಲ್ಲೂ ಬಾಲ ಅಲ್ಲಾಡಿಸಿತು.

"ಸರಳು ಹಾಕಬೇಕಾಗ್ತದವ್ವಾ. ಎಂಟು ಸಾವಿರ."

"ಸಾಹೇಬ್ರೆ, ಅಷ್ಟಾಗ್ತದೇನ್ರಿ? ಸ್ವಲ್ಪ ನೋಡ್ರಿ, ನಾ ತಿಂಗಳಾ ತಿಂಗಳಾ ಕೊಡ್ತೀನಿ."

"ನಾ ಹೇಳೂದ್ಯಾಕ? ನಿಮ್ಮ ಅಕ್ಕೋರೇ ಕುಂತಾರ, ಕೇಳು. ಅವರ ಮೋತಿಗೂ ಹಿಂಗೇ ಆಗಿತ್ತು."

ಶರಣಮ್ಮ ನನ್ನ ಕಡೆ ತಿರುಗಿದಳು. ಶಾಲೆಯಲ್ಲಿ ಪ್ರಶ್ನೆ ಕೇಳುವಾಗ ನೋಡುತ್ತಿದ್ದ ಹಾಗೆ ನೇರವಾಗಿ ನೋಡಿದಳು.

"ಅಕ್ಕೋರೆ, ನಿಮ್ಮ ರೊಕ್ಕ ಎಂಟು ಸಾವಿರ ಹೋಗ್ಯಾವೇನ್ರಿ?"

ಹತ್ತು ಜನ ಕೂತಿದ್ದರು. ಡಾಕ್ಟರು ನಾಯಿಯ ತಲೆ ಸವರುತ್ತಲೇ ಇದ್ದರು. "ಹೂಂ ಶರಣಮ್ಮ, ಎಂಟು ಸಾವಿರ ಕೊಟ್ಟೀನಿ" ಎಂದೆ.

ಅವಳು ಇನ್ನೊಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಬಗ್ಗಿ, ಚೀಲದ ಸಮೇತ ನಾಯಿಯನ್ನು ಎದೆಗೆ ಎತ್ತಿಕೊಂಡು ಹೊರಟುಹೋದಳು. "ಇರವ್ವಾ, ನೋವಿಗೊಂದು ಸೂಜಿ ಹಾಕ್ತೀನಿ" ಎಂದು ಡಾಕ್ಟರು ಕೂಗಿದರು. ಅವಳು ತಿರುಗಲಿಲ್ಲ. "ನಾಳೆ ಬರ್ತಾಳ ಬಿಡ್ರಿ, ಎಲ್ಲಾರೂ ಹಿಂಗೇ ಹೋಗಿ ಬರ್ತಾರ" ಎಂದು ಮುಂದಿನ ಬೆಕ್ಕನ್ನು ಕರೆದರು.

ಮನೆಗೆ ಬಂದ ಮೇಲೆ ನೆನಪಾಯಿತು. ಟ್ರಂಕಿನಲ್ಲಿ ಆ ಎಂಟು ಸಾವಿರ ಹಾಗೇ ಇತ್ತು. ಅಯ್ಯ ನನ್ನ ಬುದ್ಧಿಗಿಷ್ಟು! ಅಲ್ಲೇ ಹೊಳೆಯಬಾರದಿತ್ತೇ? ಬೆಳಗಾದ ಕೂಡಲೇ ಕವರು ತೆಗೆದುಕೊಂಡು ದವಾಖಾನಿಗೆ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ಡಾಕ್ಟರು ಕಸ ಹೊಡೆಸುತ್ತಿದ್ದರು. ಕವರನ್ನು ಮೇಜಿನ ಮೇಲಿಟ್ಟೆ.

"ಶರಣಮ್ಮನ ನಾಯಿದು ನಾನು ಕೊಡ್ತೀನ್ರಿ. ಎಂಟು ಸಾವಿರ ಅದ, ಎಣಿಸ್ಕೊಳ್ರಿ. ಈ ಸಲ ತಿರುಗಿ ಕೊಡೂದು ಮಾತ್ರ ಬ್ಯಾಡ."

ಡಾಕ್ಟರು ನಕ್ಕರು. ಪ್ರೀತಿಯಿಂದಲೇ ನಕ್ಕರು, ಅದನ್ನೂ ಬರೆಯಬೇಕು. ಕವರಿನಿಂದ ಕೆಲವು ನೋಟು ತೆಗೆದು ಉಳಿದದ್ದನ್ನು ನನ್ನ ಕಡೆ ಸರಿಸಿದರು.

"ಇದಕ್ಕ ಮೂರು ಸಾಕ್ರಿ ಅಕ್ಕೋರೆ. ನಿಮ್ಮ ಕಡೆ ಹೆಚ್ಚು ಹ್ಯಾಂಗ ತಗೊಳ್ಲಿ?"

ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದರೆ ಖರೇನೇ ತಿಳಿಯಲಿಲ್ಲ. "ಮೂರೇನು? ಎಂಟು ಅಂದ್ರಲ್ಲ ನಿನ್ನೆ."

"ಎಂಟು ಹೇಳೂದ್ರಿ. ಆಗೂದು ಮೂರು. ನನ್ನ ಕೈ ಕೂಲಿ ಹಿಡಿದು."

"ಮತ್ತ ನಾ ಕೊಟ್ಟ ಎಂಟು?"

"ನೀವೆಲ್ಲಿ ಕೊಟ್ಟೀರಿ?" ಎಂದರು ಡಾಕ್ಟರು, ಇನ್ನೂ ನಗುತ್ತಲೇ.

ಆಗ ಕುರ್ಚಿಯ ಕೈ ಹಿಡಿದುಕೊಂಡೆ. ಆ ಕುರ್ಚಿ ಏಕೆ ಅಲ್ಲಿತ್ತು ಎಂದು ಅರ್ಥವಾಯಿತು. ಅವ್ವನೂ ಅಕ್ಕೋರು, ಬಸಿಯ ಕೆಳಗಿನ ಕವರು, ಸಂಜೆಯ ಚಹಾ, ಎಲ್ಲದರ ಅರ್ಥವಾಯಿತು. ಆ ಮನುಷ್ಯ ನನ್ನ ಮಾತನ್ನು ಬಾಡಿಗೆಗೆ ಹಿಡಿದಿದ್ದ. ಬಾಡಿಗೆಯನ್ನು ಎಷ್ಟು ನಯವಾಗಿ ಕೊಡುತ್ತಿದ್ದನೆಂದರೆ ನಾನು ಅದನ್ನು ಆದರ ಎಂದುಕೊಂಡು ಕಣ್ಣೀರು ಹಾಕಿದ್ದೆ.

ನಾನು ಬೈದೆ. ಮೂವತ್ತನಾಲ್ಕು ವರ್ಷ ಯಾವ ತುಂಟನಿಗೂ ಬಳಸದ ಮಾತುಗಳು ಬಾಯಿಗೆ ಬಂದವು. ಅವರು ಎದುರು ಮಾತಾಡಲಿಲ್ಲ, ಎಲ್ಲ ಕೇಳಿಸಿಕೊಂಡರು. ಆಮೇಲೆ ಒಂದೊಂದೇ ಹೇಳಿದರು.

"ಸಿಟ್ಟಾಗಬ್ಯಾಡ್ರಿ. ನೀವು ಆ ಕುರ್ಚಿ ಮ್ಯಾಲ ಕುಂತಿದ್ದಕ್ಕ ಎಷ್ಟು ನಾಯಿ ಬದುಕ್ಯಾವ ಗೊತ್ತದೇನು? ಅಕ್ಕೋರು ಬೀದಿ ನಾಯಿಗೆ ಇಷ್ಟು ಹಾಕ್ಯಾರ, ನಾವು ಹಾಕಿದ್ರ ಏನು ಹುಚ್ಚರಲ್ಲ ಅಂತ ಮಂದಿಗೆ ಧೈರ್ಯ ಬಂತು. ಇಲ್ಲಂದ್ರ ಊರ ಹೊರಗ ಬಿಟ್ಟು ಬರ್ತಿದ್ರು. ಕಾರಿನವ್ರು ಎಂಟು ಕೊಟ್ಟಿದ್ದಕ್ಕ ಈ ದವಾಖಾನಿ ನಡದದ."

"ಶರಣಮ್ಮನ ಕಡೆ ಕಾರು ಅದೇನು?"

ಅವರು ಮೇಜಿನ ಮೇಲಿನ ನೋಟುಗಳನ್ನು ನೇರ ಮಾಡುತ್ತಾ, "ಒಬ್ಬರಿಗೆ ಒಂದು, ಒಬ್ಬರಿಗೆ ಒಂದು ಹೇಳಿದ್ರ ಯಾರೂ ನಂಬಂಗಿಲ್ರಿ" ಎಂದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲ ತನಕ ಬಂದು, ನೊಂದವರ ಹಾಗೆ ಕೇಳಿದರು.

"ಅಕ್ಕೋರೆ, ನಾ ನಿಮ್ಮ ಕಡೆ ಒಂದಾದ್ರೂ ಸುಳ್ಳು ಹೇಳಿಸೀನೇನ್ರಿ? ಕೇಳ್ರಿ ಅಂದೀನಿ ಅಷ್ಟ. ಹೇಳಿದವರು ನೀವು."

ಇವತ್ತಿಗೂ ಆ ಮನುಷ್ಯನ ಮೇಲೆ ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಆ ಮಾತಿಗೇ, ಯಾಕೆಂದರೆ ಅದರಲ್ಲಿ ಸುಳ್ಳಿಲ್ಲ.

ಅಲ್ಲಿಂದ ನೇರ ಶರಣಮ್ಮನ ಮನೆಗೆ ಹೋದೆ. ಬೀಗ. ಚಿಂಚೋಳಿ ಕಡೆ ಹಳ್ಳಿಯೊಂದರಲ್ಲಿ ದನಗಳ ಎಲುಬು ಕಟ್ಟುವವನಿದ್ದಾನೆ, ನಾಯಿಗೂ ಕಟ್ಟುತ್ತಾನಂತೆ, ನಸುಕಿನಲ್ಲೇ ಟೆಂಪೊ ಹತ್ತಿದಳು ಎಂದು ಮಗ್ಗುಲ ಮನೆಯವರು ಹೇಳಿದರು. ಖಾನಾವಳಿಯ ಮಾಲಕರಿಂದ ಫೋನ್ ಮಾಡಿಸಿದೆ. ಸ್ವಿಚ್ ಆಫ್. ಒಂಬತ್ತು ದಿನದ ಮೇಲೆ ಅವಳು ಒಬ್ಬಳೇ ಬಂದಳು. ಬಿದಿರಿನ ಪಟ್ಟಿ ಬಿಗಿದಿದ್ದ ಕಾಲು ಒಳಗೇ ಕೊಳೆತು, ವಿಷ ಮೈಗೆಲ್ಲ ಏರಿ ಕಾಳ್ಯಾ ಸತ್ತಿತ್ತು. ಮುಂದಿನ ತಿಂಗಳು ಅವಳು ನದಿದಾರಿಯ ಮನೆ ಬಿಟ್ಟು ಖಾನಾವಳಿಯ ಹಿಂದಿನ ಒಂದು ಖೋಲಿಗೆ ಬಂದಳು. ಅದೆಲ್ಲ ನನಗೆ ಬೇರೆಯವರಿಂದ ತಿಳಿಯಿತು. ಅವಳೆದುರು ಹೋಗಲು ನನಗೆ ಧೈರ್ಯ ಇರಲಿಲ್ಲ.

ದವಾಖಾನಿಗೆ ಹೋಗುವುದನ್ನು ಬಿಟ್ಟೆ. ಕೇಳಿದವರಿಗೆಲ್ಲ ಮೊಣಕಾಲು ಎಂದೆ. ಡಾಕ್ಟರೂ ಅದನ್ನೇ ಹೇಳುತ್ತಿದ್ದರಂತೆ, ಕುರ್ಚಿಯನ್ನು ಮಾತ್ರ ತೆಗೆಸಲಿಲ್ಲ. ಒಂದು ದಿನ ಮಾರ್ಕೆಟ್‌ನಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು ನಾಯಿಮರಿ ಎತ್ತಿಕೊಂಡು ಹೋಗುತ್ತಾ ಇನ್ನೊಬ್ಬಳಿಗೆ ಹೇಳುತ್ತಿದ್ದಳು, "ಯಾರೋ ಅಕ್ಕೋರು ಎಂಟು ಸಾವಿರ ಕೊಟ್ಟಾರಂತ, ನಮಗ ಏಳಕ್ಕ ಮಾಡ್ಯಾರ, ಪಾಪ." ನಾನು ಪಕ್ಕದಲ್ಲೇ ಬದನೆಕಾಯಿ ಆರಿಸುತ್ತಿದ್ದೆ. ತಿರುಗಿ ಖರೆ ಹೇಳಬಹುದಿತ್ತು. ಹೇಳಿದರೆ, ಇಷ್ಟು ವರ್ಷ ಊರಿನ ಮಕ್ಕಳಿಗೆಲ್ಲ ಖರೆ ಹೇಳ್ರಿ ಎಂದು ಕಲಿಸಿದ ಅಕ್ಕೋರ ಗತಿ ಏನು? ಬದನೆಕಾಯಿ ತೂಕ ಮಾಡಿಸಿಕೊಂಡು ಮನೆಗೆ ಬಂದೆ.

ಈಗ ಸನ್ಮಾನದ ಪತ್ರಿಕೆ ಬಂದಿದೆ. ಮೈಕಿನ ಮುಂದೆ ಅವರನ್ನು ಹೊಗಳಿದರೆ ನಾನು ಇನ್ನೊಂದು ಸಲ ಅದೇ ಕುರ್ಚಿಯಲ್ಲಿ ಕೂತ ಹಾಗೆ. ಇದ್ದದ್ದನ್ನು ಹೇಳಿದರೆ ಅವರ ಜೊತೆ ನನ್ನ ಮಾನವೂ ಹೋಗುತ್ತದೆ. ಹೋಗಲಿ, ಆದರೆ ಊರಿಗಿಂತ ಮೊದಲು ಶರಣಮ್ಮನಿಗೆ ಹೇಳಬೇಕು ಎನ್ನಿಸಿತು. ನಿನ್ನೆ ಮಧ್ಯಾಹ್ನ ಖಾನಾವಳಿಯ ಹಿಂದಿನ ಖೋಲಿಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು. "ಬರ್ರಿ ಅಕ್ಕೋರೆ, ಕುಂದ್ರಿ" ಎಂದು ಕಾಲಿನಿಂದಲೇ ಮಣೆ ಸರಿಸಿದಳು.

"ಶರಣಮ್ಮ, ಆ ದಿನ ದವಾಖಾನ್ಯಾಗ ನಾ ಎಂಟು ಸಾವಿರ ಕೊಟ್ಟೀನಿ ಅಂದಿದ್ದೆ..."

"ಗೊತ್ತದ್ರಿ ಅಕ್ಕೋರೆ."

"ಏನು ಗೊತ್ತದ?"

"ನಾ ಆಗ ಡಾಕ್ಟರ ಮನ್ಯಾಗೂ ರೊಟ್ಟಿ ಮಾಡ್ತಿದ್ದೆ. ಅವರ ಮನಿಯವರು ನನ್ನ ಮುಂದನೇ ಕವರಿನ್ಯಾಗ ಹಾಕಿ, ಅಕ್ಕೋರ ರೊಕ್ಕ ಕೊಟ್ಟು ಬರ್ರಿ ಅಂತ ಕಳಸ್ತಿದ್ರು. ಪ್ರತಿ ಸಲ ನೋಡೀನಿ."

"ಗೊತ್ತಿದ್ದೂ ಎಲ್ಲಾರ ಮುಂದ ನನ್ನ ಯಾಕ ಕೇಳಿದಿ?"

ಅವಳು ರೊಟ್ಟಿ ತಿರುವಿ ಹಾಕಿದಳು, ನೀರು ಸವರಿದಳು.

"ನೀವು ಇಲ್ಲ ಅಂತೀರಿ ಅಂತ ಕೇಳಿದೆ ರೀ."

ನಾನು ಡಾಕ್ಟರನ್ನೇ ಬೈದೆ. ಮೋಸಗಾರ, ನಂಬಿಸಿ ಕತ್ತು ಕೊಯ್ದ, ನನ್ನನ್ನೂ ನಿನ್ನನ್ನೂ ಕೂಡಿಯೇ ಕೊಯ್ದ ಎಂದೆ. ಶರಣಮ್ಮ ಕೇಳುತ್ತಾ ಇನ್ನೆರಡು ರೊಟ್ಟಿ ಬಡಿದಳು. ಆಮೇಲೆ ಕೈಯ ಹಿಟ್ಟು ಝಾಡಿಸಿಕೊಂಡು ನನ್ನ ಕಡೆ ನೋಡಿದಳು.

"ಅವರ ಮ್ಯಾಲ ನನಗ ಸಿಟ್ಟಿಲ್ರಿ. ಅವರು ದಂಧಾ ಮಾಡಿದ್ರು. ನೀವು ನನ್ನ ಅಕ್ಕೋರಿದ್ರಿ."